ಗೋಮಾಳದ ಕೇಸಿಗೆ ದನದ ಲೆಕ್ಕ

ಗೋಮಾಳ ಉಳಿಸಿಕೊಡಿ ಎಂದು ಒಂದು ಊರಿನವರು ಮೊದಲ ಬಾರಿ ನನ್ನ ಬಳಿ ಬಂದಾಗ, 2011ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪನ್ನು ಲಗತ್ತಿಸಿ ಹೈಕೋರ್ಟಿಗೆ ರಿಟ್ ಹಾಕಿಬಿಟ್ಟೆ. ಊರೊಟ್ಟಿನ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ರೂಪಿಸಿ ಎಂದು ಸುಪ್ರೀಂ ಕೋರ್ಟೇ ಎಲ್ಲ ರಾಜ್ಯಗಳಿಗೆ ಹೇಳಿದೆ, ಇನ್ನೇನು ಬೇಕು ಎಂದುಕೊಂಡಿದ್ದೆ. ಮನವಿಯನ್ನು ಪರಿಶೀಲಿಸಿ ಎಂದು ಅಧಿಕಾರಿಗಳಿಗೆ ಸೂಚನೆ ಹೋಗಿ ಅರ್ಜಿ ವಿಲೇವಾರಿಯಾಯಿತು. ಪರಿಶೀಲನೆ ಮುಗಿಯುವಷ್ಟರಲ್ಲಿ ಗೋಮಾಳಕ್ಕೆ ಬೇಲಿ ಬಿದ್ದು, ಕೊಳವೆಬಾವಿಯನ್ನೂ ಕೊರೆದಾಗಿತ್ತು.

ಎರಡನೆಯ ಊರಿನ ಕೇಸಿನಲ್ಲಿ ತೀರ್ಪುಗಳನ್ನು ಬದಿಗಿಟ್ಟು ರೆಕಾರ್ಡ್ ರೂಮಿನಲ್ಲಿ ಕುಳಿತೆ. ಕೈಬರಹದ ಹಳೆಯ ಪಹಣಿ, ಸರ್ವೆ ನಂಬರುಗಳ ವಿಸ್ತೀರ್ಣ-ಕಂದಾಯ ಬರೆದಿಟ್ಟ ಆಕಾರಬಂದ್, ಗ್ರಾಮ ನಕಾಶೆಗಳನ್ನು ಪಕ್ಕಪಕ್ಕ ಹರಡಿದರೆ ಖಾಸಗಿ ಹೆಸರು ಯಾವ ವರ್ಷ ನುಸುಳಿತು ಎಂಬುದು ಕಾಣುತ್ತದೆ. ‘ಸರ್ಕಾರಿ ಗೋಮಾಳ’ ಎಂಬ ನಮೂದು ಒಂದು ವರ್ಷ ಇತ್ತು, ಮರುವರ್ಷ ಇರಲಿಲ್ಲ. ನಡುವೆ ಮಂಜೂರಾತಿ ಆದೇಶವೂ ಇಲ್ಲ, ಹಕ್ಕು ಬದಲಾದದ್ದನ್ನು ದಾಖಲಿಸುವ ಮ್ಯುಟೇಷನ್ನೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂತು. ಊರಿನವರು ಪೆಚ್ಚಾದರು, ನನಗೆ ಒಳಗೊಳಗೇ ಖುಷಿ. ಮಂಜೂರಾಗಿದೆ ಎನ್ನುವವರೇ ತಾನೇ ಅದನ್ನು ತಂದು ತೋರಿಸಬೇಕು?

ತೋರಿಸಲಾಗದೆ ಎದುರಿನವರು ವರಸೆ ಬದಲಿಸಿದರು: ಊರಿನಲ್ಲಿ ದನಗಳೇ ಇಲ್ಲ, ಗೋಮಾಳ ಹೆಚ್ಚುವರಿಯಾಗಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಇರಬೇಕು. ಹಾಗಾಗಿ ಕೇಸು ದನದ ತಲೆ ಎಣಿಕೆಗೆ ಬಂದು ನಿಂತಿತು. ಊರಿನವರ ಬಾಯಿಲೆಕ್ಕ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಏನು ಮಾಡುವುದೆಂದು ಜಗುಲಿಯಲ್ಲಿ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದಾಗ ಒಬ್ಬ ಅಜ್ಜಿ, “ಸೂಜಿ ಹಾಕಲು ಬಂದವರು ಬರೆದುಕೊಂಡು ಹೋದರಲ್ಲಪ್ಪ” ಎಂದರು. ಕಾಲುಬಾಯಿ ಜ್ವರದ ಲಸಿಕೆಯ ದಾಖಲೆ! ಪಶು ಆಸ್ಪತ್ರೆಯಿಂದ ದೃಢೀಕೃತ ಪ್ರತಿ ತಂದೆವು. ಮನೆಯವರ ಹೆಸರು, ಹಸು, ಎಮ್ಮೆ, ಕಿವಿಗೆ ಹಾಕಿದ ಹಳದಿ ಬಿಲ್ಲೆಯ ನಂಬರು, ಎಲ್ಲವೂ ಅದರಲ್ಲಿತ್ತು. ಇಲ್ಲದ ದನಗಳಿಗೆ ಸರ್ಕಾರ ಸೂಜಿ ಹಾಕಿತೇ ಎಂಬ ಪ್ರಶ್ನೆಗೆ ಎದುರಿನವರು ಸಮಯ ಕೇಳಿದರು.

ಅಳತೆಯ ದಿನ ಲಂಟಾನದ ಪೊದೆ ಕಡಿದಾಗ ಗಡಿ ಗುರುತಿನ ಬಾಂದುಕಲ್ಲೂ ಸಿಕ್ಕಿತು. ಸರಪಳಿ ಎಳೆದರೆ, ನಮ್ಮ ಅರ್ಜಿದಾರರಲ್ಲೇ ಇಬ್ಬರ ತಿಪ್ಪೆಗುಂಡಿ, ಒಬ್ಬರ ಕೊಟ್ಟಿಗೆಯ ಮೂಲೆ ಗೋಮಾಳದೊಳಗೆ! ಮುಚ್ಚಿಡಬಾರದು ಎಂದೆ. ಒಂದು ರಾತ್ರಿ ಜಗಳವಾಯಿತು, ಒಬ್ಬರು ವಕಾಲತ್ತು ವಾಪಸ್ ಕೊಡಿ ಎಂದೂ ಕೂಗಾಡಿದರು. ಮುಂದಿನ ವಾಯಿದೆಗೆ ಮೊದಲೇ ಮೂವರೂ ತೆರವು ಮಾಡಿ ಮೆಮೋ ಸಲ್ಲಿಸಿದರು. ಎದುರಿನ ವಕೀಲರು ಅದೇ ಕೊಟ್ಟಿಗೆಯ ಫೋಟೊ ಹಿಡಿದು ಎದ್ದುನಿಂತಿದ್ದರು. ಮೆಮೋ ಓದಿ ಕುಳಿತರು.