ಲ್ಯಾಬ್ ಬಾಟಲಿಯ ಲೇಬಲ್ ಓದುವುದು ಹೇಗೆ? ಮುಚ್ಚಳ ತಿರುಗಿಸುವ ಮೊದಲು ಎರಡು ನಿಮಿಷ

ಕಾರವಾರದ ಮಳೆಗಾಲದಲ್ಲಿ ಲ್ಯಾಬಿನ ಟೇಬಲ್ ಮೇಲೆ ನೀರು ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಾಡು ಸೋರಿರಬೇಕು, ಇಲ್ಲಾ ಯಾರೋ ಒದ್ದೆ ಕೊಡೆ ಇಟ್ಟಿರಬೇಕು. ನಾನು ಬಿಎಸ್ಸಿ ಓದುವಾಗ ಹಾಗೇ ಅಂದುಕೊಂಡು, ತಕ್ಕಡಿ ಪಕ್ಕದ ನಾಲ್ಕು ಹನಿ ನೀರಿನ ಮೇಲೆ ಮೊಣಕೈ ಊರಿ ರೀಡಿಂಗ್ ಬರೆಯುತ್ತಾ ಕೂತಿದ್ದೆ. ಉರಿ ಇಲ್ಲ, ವಾಸನೆ ಇಲ್ಲ. ಸ್ವಲ್ಪ ಹೊತ್ತಿಗೆ ಮೊಣಕೈ ಸೋಪು ಹಚ್ಚಿದ ಹಾಗೆ ಜಾರತೊಡಗಿತು. ಯಾರೋ ತೂಕ ಮಾಡುವಾಗ ಬೀಳಿಸಿದ ಕಾಸ್ಟಿಕ್ ಸೋಡಾದ ಬಿಳಿ ಗುಳಿಗೆಗಳು ಗಾಳಿಯ ತೇವ ಹೀರಿ ತಾವೇ ನೀರಾಗಿದ್ದವು. ಜಾರುತ್ತಿದ್ದದ್ದು ನಿಜಕ್ಕೂ ಸೋಪೇ. ಕಾಸ್ಟಿಕ್ ಸೋಡಾ ಚರ್ಮದ ಕೊಬ್ಬನ್ನೇ ಸೋಪು ಮಾಡುತ್ತದೆ. ಕಲೆ ಇನ್ನೂ ಇದೆ.

ಬಾಟಲಿ ಮೇಲೆ ಎಲ್ಲಾ ಬರೆದಿತ್ತು. ನಾನು ಓದಿದ್ದು ಹೆಸರು ಮಾತ್ರ.

ಈಗ ನಾನೇ ಲ್ಯಾಬಿನಲ್ಲಿ ಹುಡುಗರ ಹಿಂದೆ ನಿಲ್ಲುತ್ತೇನೆ. ಮೊದಲ ದಿನ ಎಲ್ಲರೂ ಕೇಳುವುದು ಒಂದೇ: "ಸರ್, ಇದು ಡೇಂಜರಾ?" ಈ ಪ್ರಶ್ನೆಗೆ ಹೌದು, ಅಲ್ಲ ಅಂತ ಉತ್ತರ ಕೊಟ್ಟರೆ ಉಪಯೋಗವಿಲ್ಲ. ಯಾವ ರೀತಿ ಡೇಂಜರ್ ಅಂತ ಕೇಳಬೇಕು. ಸುಡುತ್ತದಾ, ಹೊತ್ತಿಕೊಳ್ಳುತ್ತದಾ, ಉಸಿರಿಗೆ ಹೋದರೆ ಕಷ್ಟವಾ, ಅಥವಾ ಇಪ್ಪತ್ತು ವರ್ಷದ ಮೇಲೆ ಗೊತ್ತಾಗುವಂಥದ್ದಾ?

ಹಜಾರ್ಡ್ ಮತ್ತು ರಿಸ್ಕ್ ಎರಡೂ ಒಂದೇ ಅಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ಮೊಸಳೆ ಹಜಾರ್ಡ್. ಸೇತುವೆ ಮೇಲೆ ನಿಂತು ನೋಡಿದರೆ ರಿಸ್ಕ್ ಇಲ್ಲವೆನ್ನುವಷ್ಟು ಕಡಿಮೆ, ಬಟ್ಟೆ ಒಗೆಯಲು ಇಳಿದರೆ ಜಾಸ್ತಿ. ಮೊಸಳೆ ಮಾತ್ರ ಅದೇ. ಲೇಬಲ್ ಹೇಳುವುದು ಮೊಸಳೆಯ ವಿಷಯ. ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಕೈಯಲ್ಲಿದೆ.

ಲೇಬಲ್‌ನಲ್ಲಿ ಮೊದಲು ಸಿಗ್ನಲ್ ವರ್ಡ್ ಹುಡುಕಿ. ಇರುವುದು ಎರಡೇ. ಡೇಂಜರ್ ಅಂದರೆ ಜಾಸ್ತಿ ಗಂಭೀರ, ವಾರ್ನಿಂಗ್ ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ಕೆಂಪು ಅಂಚಿನ, ಮೂಲೆ ಮೇಲೆ ನಿಂತ ಚೌಕದೊಳಗಿನ ಚಿತ್ರಗಳು. ಇದು ರಾಸಾಯನಿಕಗಳ ಅಪಾಯವನ್ನು ಎಲ್ಲಾ ಕಡೆ ಒಂದೇ ರೀತಿ ತೋರಿಸಲು ವಿಶ್ವಸಂಸ್ಥೆ 2003ರಲ್ಲಿ ಹೊರತಂದ ಜಿಎಚ್‌ಎಸ್ ಪದ್ಧತಿ, ಒಟ್ಟು 9 ಚಿತ್ರ. ಹಳೆ ಸ್ಟಾಕಿನಲ್ಲಿ ಕಿತ್ತಳೆ ಬಣ್ಣದ ಚೌಕ ಕಂಡರೆ ಅದು ಯುರೋಪಿನ ಹಿಂದಿನ ಪದ್ಧತಿ. ಆ ಬಾಟಲಿಗೆ ವಯಸ್ಸಾಗಿದೆ ಅಂತಲೂ ಅರ್ಥ.

ತಲೆಬುರುಡೆ, ಬೆಂಕಿ ಎಲ್ಲರಿಗೂ ಗೊತ್ತಾಗುತ್ತದೆ. ಎಡವುವುದು ಎರಡು ಕಡೆ. ಒಂದು, ವೃತ್ತದ ಮೇಲೆ ಉರಿಯುವ ಜ್ವಾಲೆ. ಇದು ಆಕ್ಸಿಡೈಸರ್. ತಾನು ಉರಿಯಬೇಕೆಂದೇನೂ ಇಲ್ಲ, ಪಕ್ಕದಲ್ಲಿದ್ದದ್ದನ್ನು ಉರಿಸುತ್ತದೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದರೆ ಕಡ್ಡಿ ಗೀರದೆಯೇ ಬೆಂಕಿ ಬರುತ್ತದೆ. ಹಾಗಾಗಿ ಆಕ್ಸಿಡೈಸರ್ ಆದ ನೈಟ್ರಿಕ್ ಆಸಿಡ್ಡನ್ನೂ ಹೊತ್ತಿಕೊಳ್ಳುವ ಅಸಿಟಿಕ್ ಆಸಿಡ್ಡನ್ನೂ "ಎರಡೂ ಆಸಿಡ್ ತಾನೇ" ಅಂತ ಒಂದೇ ಕಪಾಟಿನಲ್ಲಿ ಇಡಬೇಡಿ. ಇನ್ನೊಂದು, ಮನುಷ್ಯನ ಎದೆಯಲ್ಲಿ ನಕ್ಷತ್ರ ಒಡೆದಂತಿರುವ ಚಿತ್ರ. ಕ್ಯಾನ್ಸರ್‌ನಂಥ, ನಿಧಾನಕ್ಕೆ ಕಾಣಿಸಿಕೊಳ್ಳುವ ಹಾನಿಗೂ ಇದೇ ಗುರುತು. ಹುಡುಗರಿಗೆ ಬಹಳ ಇಷ್ಟವಾಗುವ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ಬಾಟಲಿ ಮೇಲೆ ಇದು ಇರುತ್ತದೆ.

ಚಿತ್ರದ ಪಕ್ಕದಲ್ಲಿ ಎಚ್ ಅಕ್ಷರದ ಸಂಖ್ಯೆಗಳಿರುತ್ತವೆ. 200ರ ಸಾಲು ಬೆಂಕಿ, ಸ್ಫೋಟದ ಕಡೆಯದು, 300ರದು ನಮ್ಮ ಮೈಗೆ, 400ರದು ಪರಿಸರಕ್ಕೆ. ನನ್ನ ಮೊಣಕೈ ಕಥೆ ಎಚ್314: ಚರ್ಮ ಸುಡುತ್ತದೆ, ಕಣ್ಣು ಹಾಳು ಮಾಡುತ್ತದೆ. ಪಿ ಸಂಖ್ಯೆಗಳು ಏನು ಮಾಡಬೇಕು ಅನ್ನುವುದಕ್ಕೆ. ಬಾಯಿಪಾಠ ಬೇಡ, ಸಾಲು ಗೊತ್ತಿದ್ದರೆ ಸಾಕು.

ಮನೆಯ ಉದಾಹರಣೆ ಬೇಕಾದರೆ ಶಿರಸಿ ಕಡೆಯ ಅಡಿಕೆ ತೋಟಕ್ಕೆ ಬನ್ನಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಅಂದರೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿದು, ಚೊಕ್ಕ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು. ಇದು ಅಪ್ಪಟ ಕೆಮಿಸ್ಟ್ರಿ, ಅಲ್ವಾ? ಅದೇ ಮೈಲುತುತ್ತ ಲ್ಯಾಬಿನಲ್ಲಿ ಕಾಪರ್ ಸಲ್ಫೇಟ್ ಆಗಿ ಬಂದಾಗ ಬಾಟಲಿ ಮೇಲೆ ಸತ್ತ ಮೀನಿನ ಚಿತ್ರ ಇರುತ್ತದೆ, ಎಚ್410, ನೀರಿನ ಜೀವಿಗಳಿಗೆ ಘೋರ ವಿಷ. ಕಣ್ಣಿಗೂ ಕೆಟ್ಟದ್ದು. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ ಅಂತ ನಾನು ಊರಿನಲ್ಲಿ ಹೇಳುವುದು ಆ ಚಿತ್ರ ನೋಡಿಯೇ.

ಇನ್ನು ಕೆಲವು ಪದಗಳು. ಫ್ಲ್ಯಾಶ್ ಪಾಯಿಂಟ್ ಅಂದರೆ ತಾನೇ ಹೊತ್ತಿಕೊಳ್ಳುವ ಉಷ್ಣತೆ ಅಲ್ಲ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಉಷ್ಣತೆ. ಸೀಮೆಎಣ್ಣೆಗೆ ಅದು ಸುಮಾರು 38 ಡಿಗ್ರಿಯ ಮೇಲೆ, ಆಲ್ಕೋಹಾಲ್‌ಗೆ ಸುಮಾರು 13, ಅಸಿಟೋನ್‌ಗೆ ಸೊನ್ನೆಗಿಂತ 20 ಡಿಗ್ರಿಯಷ್ಟು ಕೆಳಗೆ, ಈಥರ್‌ಗೆ ಸೊನ್ನೆಗಿಂತ 45 ಕೆಳಗೆ. ಅಂದರೆ ನಮ್ಮ ಸೆಕೆಯಲ್ಲಿ ಈಥರ್, ಅಸಿಟೋನ್ ಯಾವಾಗಲೂ ಕಿಡಿಗಾಗಿ ಕಾಯುತ್ತಿರುತ್ತವೆ. ಈಥರ್ ಆವಿ ಗಾಳಿಗಿಂತ ಭಾರ, ಟೇಬಲ್ ಮೇಲೆ ಹರಿದು ಆಚೆ ತುದಿಯ ಬರ್ನರ್ ಮುಟ್ಟಬಲ್ಲದು. "ನಾನು ದೂರ ಇದ್ದೆ ಸರ್" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಎಲ್‌ಡಿ 50 ಅಂದರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ, ಮೈತೂಕದ ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ. ಸಂಖ್ಯೆ ಚಿಕ್ಕದಾದಷ್ಟೂ ವಿಷ ಜಾಸ್ತಿ, ಇಲ್ಲೇ ತುಂಬ ಜನ ತಿರುಗಾಮುರುಗಾ ಓದುತ್ತಾರೆ. ಇಲಿಗೆ ತಿನ್ನಿಸಿದಾಗ ಉಪ್ಪಿನದು ಸುಮಾರು 3000, ಪೊಟ್ಯಾಸಿಯಂ ಸಯನೈಡ್‌ನದು 10ರ ಒಳಗೆ. ಆದರೆ ಕಾಸ್ಟಿಕ್ ಸೋಡಾ ನಿಮ್ಮ ಕಣ್ಣಿಗೆ ಏನು ಮಾಡುತ್ತದೆ ಅನ್ನುವುದನ್ನು ಈ ಸಂಖ್ಯೆ ಹೇಳುವುದಿಲ್ಲ.

ಉಸಿರಾಡುವ ಗಾಳಿಯಲ್ಲಿ ಒಂದು ರಾಸಾಯನಿಕ ಎಷ್ಟಿರಬಹುದು ಅನ್ನುವುದಕ್ಕೂ ಮಿತಿ ಇದೆ. ಟಿಡಬ್ಲ್ಯುಎ ಅಂದರೆ 8 ಗಂಟೆ ಕೆಲಸದ ಸರಾಸರಿ ಮಿತಿ, ಎಸ್‌ಟಿಇಎಲ್ ಅಂದರೆ 15 ನಿಮಿಷದ್ದು. ಮೂಗನ್ನು ಮೀಟರ್ ಅಂತ ನಂಬಬೇಡಿ. ಲ್ಯಾಬಿನಲ್ಲಿ ಗ್ಯಾಸ್ ತಯಾರಿಸುವ ಕಿಪ್ ಉಪಕರಣದಿಂದ ಬರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಆದರೆ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ಆಗುವ ಹೊತ್ತಿಗೆ ಮೂಗೇ ಸತ್ತುಹೋಗುತ್ತದೆ. ನಾತ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ, ಹೊರಗೆ ಓಡಿ.

ಲೇಬಲ್ ಸಾಲದಿದ್ದರೆ ಎಸ್‌ಡಿಎಸ್, ಅಂದರೆ ಕಂಪನಿ ಕೊಡುವ ಸೇಫ್ಟಿ ಡೇಟಾ ಶೀಟ್ ತೆಗೆಯಿರಿ. 16 ಭಾಗ, ಯಾವ ಕಂಪನಿಯದಾದರೂ ಅದೇ ಕ್ರಮ. ಪೂರ್ತಿ ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. 2 ಅಪಾಯ, 4 ಪ್ರಥಮ ಚಿಕಿತ್ಸೆ, 8 ಗ್ಲೌಸ್ ಕನ್ನಡಕ, 10 ಯಾವುದರ ಜೊತೆ ಇಡಬಾರದು. ನಾಲ್ಕನೆಯದನ್ನು ಬಾಟಲಿ ತೆರೆಯುವ ಮೊದಲೇ ಓದಿ. ಕಣ್ಣು ಉರಿಯುತ್ತಿರುವಾಗ ಪಿಡಿಎಫ್ ಹುಡುಕಲು ಆಗುವುದಿಲ್ಲ. ಕಣ್ಣಿಗೆ ಹಾರಿದರೆ 15 ನಿಮಿಷ ಗಡಿಯಾರ ನೋಡಿ ನೀರು ಬಿಡಬೇಕು. ಸುಡುವಂಥದ್ದನ್ನು ನುಂಗಿದವರಿಗೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಗಂಟಲು ಇನ್ನೊಮ್ಮೆ ಸುಡುತ್ತದೆ.

ಹೆಸರಿನಲ್ಲಿ ಅನುಮಾನ ಬಂದರೆ ಸಿಎಎಸ್ ಸಂಖ್ಯೆ ನೋಡಿ, ಅದು ಒಂದೊಂದು ರಾಸಾಯನಿಕಕ್ಕೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ. ಎಥನಾಲ್ 64-17-5, ಮೆಥನಾಲ್ 67-56-1. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಎರಡನೆಯದು ಕಣ್ಣು ಕಳೆಯುತ್ತದೆ. ಹೈವೇಯಲ್ಲಿ ಟ್ಯಾಂಕರ್ ಹಿಂದಿನ ನಾಲ್ಕಂಕಿ ಬೇರೆ, ಅದು ಯುಎನ್ ನಂಬರ್. 1203 ಪೆಟ್ರೋಲ್, 1824 ಕಾಸ್ಟಿಕ್ ಸೋಡಾ ದ್ರಾವಣ. ಕಾರವಾರದ ಪಕ್ಕದ, ಕಾಸ್ಟಿಕ್ ಸೋಡಾ ಕಾರ್ಖಾನೆ ಇರುವ ಬಿಣಗಾ ದಾಟುವಾಗ ಬಸ್ ಕಿಟಕಿಯಿಂದ ಹುಡುಕಿ ನೋಡಿ, ಟೈಂಪಾಸ್ ಆಗುತ್ತದೆ.

ಕೊನೆಗೆ ನಮ್ಮ ಕರಾವಳಿಯದೇ ಒಂದು ತಾಪತ್ರಯ. ಆಗಸ್ಟ್ ಬರುವಷ್ಟರಲ್ಲಿ ಅರ್ಧ ಲೇಬಲ್ ಬೂಸ್ಟು ಹಿಡಿದು ಕಳಚಿರುತ್ತದೆ. ಹೆಸರಿಲ್ಲದ ಬಾಟಲಿಯನ್ನು ಮೂಸಿ ಪತ್ತೆ ಮಾಡಲು ಹೋಗಬೇಡಿ, ಸಿಂಕಿಗೂ ಸುರಿಯಬೇಡಿ, ಬದಿಗಿಟ್ಟು ಲ್ಯಾಬ್ ನೋಡಿಕೊಳ್ಳುವವರಿಗೆ ತಿಳಿಸಿ. ನೀವು ದ್ರಾವಣ ಮಾಡಿದಾಗ ಹೆಸರು, ಸಾಂದ್ರತೆ, ತಾರೀಕು, ಅಪಾಯದ ಒಂದು ಪದ ಬರೆಯಿರಿ, ಅದೂ ಪೆನ್ಸಿಲ್‌ನಲ್ಲಿ. ಮಾರ್ಕರ್ ಶಾಯಿ ಅಸಿಟೋನ್ ತಾಗಿದರೆ ಓಡಿಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಮೇಲೆ ಅಗಲದ ಸೆಲ್ಲೋಟೇಪನ್ನು ಬಾಟಲಿ ಸುತ್ತ ಒಂದು ಪೂರ್ತಿ ಸುತ್ತು ತಂದು ತುದಿ ಮೇಲೆ ತುದಿ ಅಂಟಿಸಿ. ಗಾಜಿಗೆ ಅಂಟಿದ ಟೇಪು ಮಳೆಗಾಲಕ್ಕೆ ಬಿಡುತ್ತದೆ, ಟೇಪಿಗೇ ಅಂಟಿದ ಟೇಪು ದೀಪಾವಳಿವರೆಗೂ ನಿಲ್ಲುತ್ತದೆ.