ಗೊತ್ತಿಲ್ಲದ ರುಚಿಗೆ ಗೊತ್ತಿರುವ ಜೊತೆ: ಟ್ರೇಡರ್ ಜೋಸ್‌ನಲ್ಲಿ ಹೊಸ ತಿನಿಸು, ಅಗ್ಗದ ವೈನ್ ಆರಿಸುವುದು ಹೇಗೆ?

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ ಹೋದಾಗ ಮೊದಲ ಎರಡು ವಾರ ನಾನು ಭಾರತೀಯ ದಿನಸಿ ಅಂಗಡಿ ಬಿಟ್ಟು ಬೇರೆಲ್ಲೂ ಕಾಲಿಡಲಿಲ್ಲ. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು ಎಲ್ಲವೂ ಅಲ್ಲಿದ್ದವು, ಮತ್ತೇನು ಬೇಕು ಎನ್ನಿಸಿತ್ತು. ಮೂರನೆಯ ವಾರ ಮಗಳು ಆರೋಯೊ ಪಾರ್ಕ್‌ವೇ ರಸ್ತೆಯ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಜೋ ಕೂಲೋಂಬ್ ಎಂಬವರು 1967ರಲ್ಲಿ ಟ್ರೇಡರ್ ಜೋಸ್ ಎಂಬ ಹೆಸರಿಟ್ಟು ತೆರೆದ ಮೊಟ್ಟಮೊದಲ ಅಂಗಡಿ ಅದು, ಈಗ ಅದೇ ಹೆಸರಿನ ದಿನಸಿ ಅಂಗಡಿಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ. ಓದಿದವರು ಹೆಚ್ಚುತ್ತಿದ್ದಾರೆ, ವಿಮಾನ ಹತ್ತಿ ಹೊರನಾಡಿನ ರುಚಿ ಕಂಡು ಬಂದವರೂ ಹೆಚ್ಚುತ್ತಿದ್ದಾರೆ, ಆದರೆ ಅವರ ಜೇಬು ಅಷ್ಟು ದೊಡ್ಡದಲ್ಲ ಎಂಬುದು ಜೋ ಅವರ ಲೆಕ್ಕಾಚಾರವಾಗಿತ್ತು. ನಮ್ಮ ಊರುಗಳಿಂದ ಓದಲು ಹೋಗುವ ಮಕ್ಕಳಿಗೆ, ಆರು ತಿಂಗಳ ಮಟ್ಟಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ಈ ಲೆಕ್ಕ ಇಂದಿಗೂ ಸರಿಯಾಗಿ ಹೊಂದುತ್ತದೆ. ಅಂಥವರಿಗಾಗಿ ನಾನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯನ್ನು ಅರ್ಥ ಮಾಡಿಕೊಳ್ಳಿ

ಅಮೆರಿಕದ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಮೂವತ್ತು ಸಾವಿರ ಬಗೆಯ ಸರಕುಗಳಿದ್ದರೆ ಇಲ್ಲಿರುವುದು ಸುಮಾರು 4,000. ಬಹುಪಾಲು ಸರಕಿನ ಮೇಲೆ ಅಂಗಡಿಯ ಸ್ವಂತ ಹೆಸರೇ ಇರುತ್ತದೆ. ಕೂಪನ್ ಇಲ್ಲ, ಸದಸ್ಯತ್ವದ ಕಾರ್ಡ್ ಇಲ್ಲ, ಹಬ್ಬದ ರಿಯಾಯಿತಿಯೂ ಇಲ್ಲ. ಹಾಗಾಗಿ ಬೆಲೆ ಇಳಿಯಲಿ ಎಂದು ಕಾಯುವ ಅಗತ್ಯವಿಲ್ಲ. ಬಾಳೆಹಣ್ಣನ್ನು ತೂಕಕ್ಕಲ್ಲ, ಎಣಿಕೆಗೆ ಮಾರುತ್ತಾರೆ. ಹಲವು ವರ್ಷ ಒಂದಕ್ಕೆ 19 ಸೆಂಟ್ ಇದ್ದದ್ದು 2024ರಲ್ಲಿ 23 ಸೆಂಟ್ ಆದಾಗ ಅದೇ ಅಲ್ಲಿ ದೊಡ್ಡ ಸುದ್ದಿಯಾಗಿತ್ತು.

ಹೊಸ ರುಚಿ ನೋಡುವವರಿಗೆ ಇಲ್ಲಿ ಎರಡು ಅನುಕೂಲಗಳಿವೆ. ತಂದದ್ದು ಹಿಡಿಸದಿದ್ದರೆ, ಪೊಟ್ಟಣ ಒಡೆದಿದ್ದರೂ, ಹಿಂದಕ್ಕೆ ಒಯ್ದರೆ ಹಣ ಮರಳಿಸುತ್ತಾರೆ. ಮದ್ಯದ ವಿಷಯದಲ್ಲಿ ಮಾತ್ರ ಆಯಾ ರಾಜ್ಯದ ಕಾನೂನು ಅಡ್ಡ ಬರಬಹುದು. ಇನ್ನೊಂದು, ಬೇಯಿಸದೆ ತಿನ್ನುವಂಥ ಪದಾರ್ಥವಾದರೆ ‘ಸ್ವಲ್ಪ ರುಚಿ ನೋಡಬಹುದೇ’ ಎಂದು ಕೇಳಿ. ಹೂವಿನ ಚಿತ್ತಾರದ ಅಂಗಿ ತೊಟ್ಟ ಸಿಬ್ಬಂದಿ ಸಾಮಾನ್ಯವಾಗಿ ಅಲ್ಲಿಯೇ ಒಡೆದು ಕೊಡುತ್ತಾರೆ. ನಮ್ಮವರು ಕೇಳಲು ಸಂಕೋಚಪಡುತ್ತಾರೆ. ಸಂತೆಯಲ್ಲಿ ಮಾವಿನಹಣ್ಣಿನ ಹೋಳು ಕೊಯ್ಯಿಸಿ ತಿಂದು ನೋಡಿಯೇ ಕೊಳ್ಳುವ ನಮಗೆ ಇಲ್ಲಿ ನಾಚಿಕೆ ಏಕೆ?

ಒಂದು ಸಲಕ್ಕೆ ಒಂದೇ ಹೊಸದು

ಮೊದಲ ದಿನವೇ ಬುಟ್ಟಿ ತುಂಬಿಕೊಳ್ಳಬೇಡಿ. ಹತ್ತು ಹೊಸ ವಸ್ತು ತಂದರೆ ಎಂಟು ಫ್ರಿಜ್ಜಿನ ಮೂಲೆ ಸೇರುತ್ತವೆ. ಪ್ರತಿ ಸಲ ಹೋದಾಗ ಪೂರ್ತಿ ಹೊಸದೊಂದು, ಅದನ್ನು ಕೂಡಿಸಿ ತಿನ್ನಲು ಮನೆಯಲ್ಲಿ ಈಗಾಗಲೇ ಇರುವುದೊಂದು, ಇಷ್ಟನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಹೋಗಿ. ನಾಲಿಗೆ ಅಪರಿಚಿತರನ್ನು ಒಬ್ಬೊಬ್ಬರನ್ನಾಗಿಯೇ ಒಳಗೆ ಬಿಟ್ಟುಕೊಳ್ಳುತ್ತದೆ, ಅದೂ ಪರಿಚಯದವರೊಬ್ಬರು ಕೈಹಿಡಿದು ಕರೆತಂದರೆ.

ಇಷ್ಟವಾದದ್ದು ಮುಂದಿನ ತಿಂಗಳು ಇರುತ್ತದೆಂದು ನಂಬಬೇಡಿ. ಚೆನ್ನಾಗಿ ಮಾರಾಟವಾಗದ್ದನ್ನು ಕಪಾಟಿನಿಂದ ತೆಗೆದುಬಿಡುತ್ತಾರೆ. ಕುಂಬಳಕಾಯಿಯ ತಿನಿಸುಗಳಂತೂ ಶರತ್ಕಾಲಕ್ಕೆ ಬಂದು ಚಳಿಗಾಲಕ್ಕೆ ಮಾಯವಾಗುತ್ತವೆ.

ಪೊಟ್ಟಣದ ಹಿಂಬದಿ ಓದಿ

ಸಸ್ಯಾಹಾರಿಗಳು ಈ ಹೆಜ್ಜೆಯನ್ನು ದಾಟಲೇಬಾರದು. ನಮ್ಮಲ್ಲಿ ಹಸಿರು ಚುಕ್ಕೆ ನೋಡಿದರೆ ಸಾಕು. ಅಮೆರಿಕದಲ್ಲಿ ಅಂಥ ಕಡ್ಡಾಯದ ಗುರುತಿಲ್ಲ. ಬೇರೊಂದು ಅಂಗಡಿಯಲ್ಲಿ ಬೇಯಿಸಿ ಅರೆದ ಹುರುಳಿಕಾಯಿ ಬೀಜದ ಡಬ್ಬಿ ಕೊಂಡು, ಕಾಳಿನದಲ್ಲವೇ ಎಂದು ಚಪಾತಿಗೆ ಸವರಿ ಅರ್ಧ ತಿಂದ ಮೇಲೆ ‘ಲಾರ್ಡ್’ ಎಂಬ ಪದ ನನ್ನ ಕಣ್ಣಿಗೆ ಬಿತ್ತು. ಲಾರ್ಡ್ ಎಂದರೆ ಹಂದಿಯ ಕೊಬ್ಬು. ಆ ರಾತ್ರಿಯ ಸಂಕಟ ಇನ್ನೊಬ್ಬರಿಗೆ ಬೇಡ.

ಮೊದಲು ‘ಕಂಟೇನ್ಸ್’ ಎಂದು ಶುರುವಾಗುವ ಸಾಲನ್ನು ಹುಡುಕಿ. ಅಲರ್ಜಿ ತರುವ ಪದಾರ್ಥಗಳನ್ನು ಹೆಸರಿಸಲೇಬೇಕೆಂಬ ಕಾನೂನು ಇರುವುದರಿಂದ ಮೊಟ್ಟೆ, ಮೀನು, ಸಿಗಡಿ ಇದ್ದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಆದರೆ ಮಾಂಸ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪೂರ್ತಿ ಪಟ್ಟಿಯನ್ನೂ ಓದಿ: ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಚಿಕನ್ ಬ್ರಾತ್ ಕೋಳಿಯ ಸಾರು. ಬೊನಿಟೊ, ಆಂಚೊವಿ ಎರಡೂ ಮೀನು. ಚೀಸ್ ಕೊಳ್ಳುವಾಗ ರೆನೆಟ್ ಎಂಬ ಪದ ಗಮನಿಸಿ. ಹಾಲು ಒಡೆಸುವ ಕಿಣ್ವ ಅದು. ಹಿಂದಿನಿಂದಲೂ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ‘ಮೈಕ್ರೋಬಿಯಲ್’ ಅಥವಾ ‘ವೆಜಿಟೇರಿಯನ್’ ರೆನೆಟ್ ಎಂದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಮಾತ್ರ ಯಾವಾಗಲೂ ಕರುವಿನ ರೆನೆಟ್‌ನಿಂದಲೇ ತಯಾರಾಗುತ್ತದೆ.

ಮನೆಗೆ ತಂದ ಮೇಲೆ

ಹೊಸ ಪದಾರ್ಥವನ್ನು ಮೊದಲು ಬರಿದಾಗಿ ಒಂದು ಚೂರು ತಿನ್ನಿ, ಆಮೇಲೆ ಗೊತ್ತಿರುವುದರ ಜೊತೆ. ಈ ಕ್ರಮ ಬದಲಿಸಬೇಡಿ.

ನಾನು ಮೊದಲು ತಂದದ್ದು ಅಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಚೆಡ್ಡರ್’ ಎಂದು ಕರೆಯುವ ಚೀಸ್. ಫ್ರಿಜ್ಜಿನಿಂದ ತೆಗೆದ ಕೂಡಲೇ ತಿಂದಾಗ ಮೇಣ ಕಚ್ಚಿದಂತಿತ್ತು. ಅರ್ಧ ಗಂಟೆ ಹೊರಗಿಟ್ಟು ಮತ್ತೆ ತಿಂದೆ. ತಣ್ಣಗಿದ್ದ ಕೊಬ್ಬು ಮೆತ್ತಗಾಗಿ ಪರಿಮಳ ಬಿಚ್ಚಿಕೊಂಡಿತ್ತು. ಮೊದಲು ಉಪ್ಪು, ಹಿಂದೆಯೇ ಹುಳಿ, ಕೊನೆಗೆ ಕಾಸಿದ ಬೆಣ್ಣೆಯ ತಳದಲ್ಲಿ ಉಳಿಯುವ ಗಸಿಯಂಥ ಒಂದು ಸಿಹಿ. ನಡುನಡುವೆ ಹಲ್ಲಿಗೆ ಕಲ್ಲುಸಕ್ಕರೆಯ ಪುಡಿಯಂತೆ ಏನೋ ಸಿಕ್ಕಿತು. ಅದು ಕೆಟ್ಟಿರುವುದರ ಲಕ್ಷಣವಲ್ಲ. ಚೀಸ್ ಹಳೆಯದಾಗುತ್ತ ಹೋದಂತೆ ಒಳಗೆ ಕಟ್ಟುವ ಹರಳು ಅದು. ಬಿಸಿ ಜೋಳದ ರೊಟ್ಟಿಯ ಮೇಲೆ ಅದನ್ನು ತುರಿದು ಹಾಕಿ, ಪಕ್ಕಕ್ಕೆ ಒಂದಿಷ್ಟು ಶೇಂಗಾ ಚಟ್ನಿಪುಡಿ ಇಟ್ಟುಕೊಂಡು ತಿಂದ ದಿನ ಚೀಸಿನ ಬಗ್ಗೆ ನನಗಿದ್ದ ಅಂಜಿಕೆ ಹೋಯಿತು.

ಕಿಂಬಾಪ್ ಕತೆಯೂ ಹೀಗೆಯೇ. ಅನ್ನ, ತೋಫು, ಕ್ಯಾರೆಟ್, ಉಪ್ಪಿನಲ್ಲಿ ಹಾಕಿದ ಮೂಲಂಗಿ ಇಟ್ಟು ಕಡಲಕಳೆಯ ಹಾಳೆಯಲ್ಲಿ ಸುತ್ತಿದ ಕೊರಿಯಾದ ತಿನಿಸು ಅದು. 2023ರ ಆಗಸ್ಟಿನಲ್ಲಿ ಟ್ರೇಡರ್ ಜೋಸ್ ಅದನ್ನು ಹೆಪ್ಪುಗಟ್ಟಿಸಿ ಮಾರಲು ಶುರುಮಾಡಿದಾಗ ಕೆಲವೇ ವಾರಗಳಲ್ಲಿ ಅಂಗಡಿ ಅಂಗಡಿಯಲ್ಲೂ ಖಾಲಿಯಾಗಿತ್ತು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದಾಗ ಕಡಲಕಳೆಯ ವಾಸನೆ ನನಗೆ ಒಗ್ಗಲಿಲ್ಲ. ಅದರ ದುಂಡು ಹೋಳುಗಳನ್ನೇ ನೋಡುತ್ತ ಕುಳಿತಾಗ ಪತ್ರೊಡೆ ನೆನಪಾಯಿತು. ಎಲೆಯಲ್ಲಿ ಸುತ್ತಿ ಬೇಯಿಸಿ, ಕೊಯ್ದು, ಕಾವಲಿಯಲ್ಲಿ ಕೆಂಪಗೆ ಮಾಡುವುದು ನಮಗೆ ಹೊಸದೇ? ಕಾವಲಿಗೆ ಎಣ್ಣೆ ಸವರಿ ಎರಡೂ ಬದಿ ಗರಿಗರಿಯಾಗುವವರೆಗೆ ಬಿಟ್ಟೆ. ವಾಸನೆ ಇಳಿದು ಎಳ್ಳೆಣ್ಣೆಯ ಘಮ ಮೇಲೆ ಬಂದಿತು.

‘ಕ್ರಂಚಿ ಚಿಲ್ಲಿ ಆನಿಯನ್’ ಎಂಬ ಶೀಸೆ ಸಿಕ್ಕರೆ ಬಿಡಬೇಡಿ. ಎಣ್ಣೆಯಲ್ಲಿ ಅದ್ದಿದ ಗರಿಗರಿ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ. ಮೊಸರನ್ನದ ಮೇಲೆ ಒಂದು ಚಮಚ ಹಾಕಿದರೆ ಒಗ್ಗರಣೆಯ ಕೆಲಸವನ್ನೇ ಮಾಡುತ್ತದೆ. ಬಿಳಿ ಎಳ್ಳು, ಕರಿ ಎಳ್ಳು, ಗಸಗಸೆ, ಬೆಳ್ಳುಳ್ಳಿ, ಈರುಳ್ಳಿ, ಉಪ್ಪು ಬೆರೆತ ‘ಎವೆರಿಥಿಂಗ್ ಬಟ್ ದಿ ಬೇಗಲ್’ ಪುಡಿ ಅಕ್ಕಿರೊಟ್ಟಿಗೆ ಚೆನ್ನ. ಊರಿಗೆ ತರುವ ಆಸೆಯಿದ್ದರೆ ಒಂದು ಎಚ್ಚರಿಕೆ: ಅದರಲ್ಲಿ ಗಸಗಸೆ ಇದೆ, ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧ. ದುಬೈ, ಅಬುಧಾಬಿಯ ದಾರಿಯಾಗಿ ಬರುವವರು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಡಿ.

ತಿಂದದ್ದನ್ನು ಬರೆದಿಡಿ. ಪುಟಕ್ಕೆ ಆರು ಗೆರೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಯಾವುದು ಹೆಚ್ಚು, ಯಾವುದು ಕೊನೆಗೆ ಬಾಯಲ್ಲಿ ಉಳಿಯಿತು ಎಂದು ನಾಲ್ಕು ಪದ ಸಾಕು. ಈ ಪುಸ್ತಕ ಮುಂದೆ ವೈನಿನ ಮುಂದೆ ನಿಂತಾಗ ಬಹಳ ಉಪಯೋಗಕ್ಕೆ ಬರುತ್ತದೆ.

ವೈನ್ ಕಪಾಟಿನ ಮುಂದೆ

ಕೆಲವು ರಾಜ್ಯಗಳಲ್ಲಿ ಕಾನೂನಿನಿಂದಾಗಿ ಈ ಅಂಗಡಿಗಳಲ್ಲಿ ವೈನ್ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಧಾರಾಳ. 21 ತುಂಬಿರಬೇಕು. ತಲೆ ನರೆತವರನ್ನೂ ಗುರುತಿನ ಚೀಟಿ ಕೇಳುವುದುಂಟು, ಪಾಸ್‌ಪೋರ್ಟ್ ಜೊತೆಗಿರಲಿ.

ಇಲ್ಲಿಯ ಅಗ್ಗದ ವೈನಿನ ಹೆಸರು ಲೋಕಪ್ರಸಿದ್ಧವಾದದ್ದು ಚಾರ್ಲ್ಸ್ ಶಾ ಎಂಬ ಬಾಟಲಿಯಿಂದ. ದ್ರಾಕ್ಷಿ, ವೈನ್ ಎರಡೂ ಮಿತಿಮೀರಿ ಉಳಿದಿದ್ದ ಕಾಲದಲ್ಲಿ, 2002ರಲ್ಲಿ, ಬ್ರಾಂಕೊ ಎಂಬ ವೈನ್ ಕಂಪನಿಯ ಫ್ರೆಡ್ ಫ್ರಾಂಜಿಯಾ ಅದನ್ನು 1.99 ಡಾಲರಿಗೆ ಬರುವಂತೆ ಮಾಡಿದರು. ಜನ ಅದನ್ನು ‘ಟೂ ಬಕ್ ಚಕ್’, ಅಂದರೆ ಎರಡು ಡಾಲರಿನ ಚಕ್ ಎಂದೇ ಕರೆದರು; ಚಾರ್ಲ್ಸ್‌ನನ್ನು ಸಲಿಗೆಯಿಂದ ಕರೆಯುವ ಹೆಸರು ಚಕ್. ಅದರ 2005ರ ಫಸಲಿನ ಶಾರ್ಡನೆ ಎಂಬ ಬಿಳಿ ವೈನ್ 2007ರ ಕ್ಯಾಲಿಫೋರ್ನಿಯಾ ರಾಜ್ಯ ಮೇಳದಲ್ಲಿ ಡಬಲ್ ಗೋಲ್ಡ್ ಎಂಬ ಉನ್ನತ ಪ್ರಶಸ್ತಿ ಪಡೆಯಿತು. ಹೆಸರು ಮುಚ್ಚಿಟ್ಟು ಕುಡಿದ ತೀರ್ಪುಗಾರರಿಗೆ ಬೆಲೆ ಗೊತ್ತಿರಲಿಲ್ಲ. ಅಗ್ಗವಾದದ್ದೆಲ್ಲ ಕಳಪೆ ಎಂದು ನಂಬಿದವರಿಗೆ ಈ ಘಟನೆ ನೆನಪಿರಲಿ. ಈಗ ಬೆಲೆ ಏರಿದೆ, ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವೂ ಇದೆ.

ಆದರೂ ಮೊದಲ ಬಾಟಲಿಗೆ ನಾನು ಅದನ್ನು ಹೇಳುವುದಿಲ್ಲ. ಗಾಜು, ಮುಚ್ಚಳ, ಚೀಟಿ, ಸಾಗಣೆ, ಇವುಗಳ ಖರ್ಚು ಅಗ್ಗದ ಬಾಟಲಿಗೂ ತಪ್ಪಿದ್ದಲ್ಲ. ಹೀಗಾಗಿ ಮೇಲೆ ಎರಡು ಮೂರು ಡಾಲರ್ ಕೊಟ್ಟರೆ ಅದರ ದೊಡ್ಡ ಪಾಲು ಒಳಗಿನ ದ್ರಾಕ್ಷಾರಸಕ್ಕೇ ಸೇರುತ್ತದೆ. ಐದರಿಂದ ಎಂಟು ಡಾಲರಿನ ನಡುವೆ ಹುಡುಕಿ. ಪೋರ್ಚುಗಲ್‌ನ ವಿನ್ಯೊ ವೆರ್ಡೆ ಎಂಬ ಹಗುರ ವೈನ್, ಸ್ಪೇನಿನ ಗಾರ್ನಾಚಾ ಎಂಬ ಕೆಂಪು ವೈನ್ ಮತ್ತು ಕಾವಾ ಎಂಬ ನೊರೆಯ ವೈನ್ ಆ ಬೆಲೆಯಲ್ಲಿ ನನ್ನನ್ನು ನಿರಾಸೆಗೊಳಿಸಿಲ್ಲ. ಕಾವಾವನ್ನು ಶಾಂಪೇನಿನಂತೆ ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸುತ್ತಾರೆ. ಅಷ್ಟು ಶ್ರಮದ ಪಾನೀಯ ಆ ಬೆಲೆಗೆ ಬೇರೆಲ್ಲೂ ಸಿಗಲಾರದು.

ಚೀಟಿಯ ಮೇಲಿನ ದೊಡ್ಡ ಅಕ್ಷರಗಳಿಗೆ ಮರುಳಾಗಬೇಡಿ. ಅಮೆರಿಕದ ವೈನಿನ ಮೇಲಿನ ‘ರಿಸರ್ವ್’ ಎಂಬ ಪದಕ್ಕೆ ಕಾನೂನಿನ ಅರ್ಥವೇ ಇಲ್ಲ. ಸ್ಪೇನಿನ ರಿಯೋಹಾ ಕೆಂಪು ವೈನಿನ ಮೇಲೆ ‘ರೆಸೆರ್ವಾ’ ಎಂದಿದ್ದರೆ ಕನಿಷ್ಠ ಮೂರು ವರ್ಷ, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ, ಮಾಗಿರಲೇಬೇಕು. ಹಿಂಬದಿಯ ಸಣ್ಣ ಅಕ್ಷರದಲ್ಲಿ ಇನ್ನೊಂದು ಸುಳಿವಿದೆ. ‘ಪ್ರೊಡ್ಯೂಸ್ಡ್ ಅಂಡ್ ಬಾಟಲ್ಡ್ ಬೈ’ ಎಂದಿದ್ದರೆ ಕನಿಷ್ಠ ಮುಕ್ಕಾಲು ಭಾಗವನ್ನು ಅವರೇ ಹುದುಗಿಸಿದ್ದಾರೆ. ‘ಸೆಲ್ಲರ್ಡ್’ ಅಥವಾ ‘ವಿಂಟೆಡ್’ ಎಂದಿದ್ದರೆ ಬೇರೆಯವರ ವೈನ್ ಕೊಂಡು ತುಂಬಿರುವ ಸಾಧ್ಯತೆಯೇ ಹೆಚ್ಚು. ಅದೂ ಚೆನ್ನಾಗಿರಬಹುದು, ಆದರೆ ತಿಳಿದು ಕೊಳ್ಳುವುದು ಒಳ್ಳೆಯದು. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುವುದುಂಟು, ಅದನ್ನು ಚೀಟಿಯಲ್ಲಿ ಬರೆಯಬೇಕೆಂದಿಲ್ಲ. ‘ವೀಗನ್’ ಎಂದು ನಮೂದಿಸಿರುವ ಬಾಟಲಿಯನ್ನೇ ಹುಡುಕಿ.

ನಮ್ಮ ಊಟಕ್ಕೆ ಯಾವುದು

ಇಲ್ಲಿ ಆ ಆರು ರುಚಿಯ ಪುಸ್ತಕ ತೆರೆಯಿರಿ. ಕೆಂಪು ವೈನ್ ಕುಡಿದಾಗ ಎಳೆ ಅಡಿಕೆ ಜಗಿದಂತೆ ವಸಡು ಹಿಡಿಯುತ್ತದಲ್ಲ, ಅದೇ ಒಗರು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್‌ನ ಗುಣ ಅದು. ಒಗರಿನ ಮೇಲೆ ಮೆಣಸಿನಕಾಯಿ ಬಿದ್ದರೆ ಬಾಯಿ ಇನ್ನಷ್ಟು ಉರಿಯುತ್ತದೆ, ಮದ್ಯಾಂಶ ಹೆಚ್ಚಿದ್ದರೆ ಉರಿ ಮತ್ತೂ ಏರುತ್ತದೆ. ಆದ್ದರಿಂದ ಬಿಸಿಬೇಳೆಬಾತಿಗೆ, ಕೋರಿರೊಟ್ಟಿಗೆ ಒಗರು ಹೆಚ್ಚಿರುವ ಗಟ್ಟಿ ಕೆಂಪು ವೈನ್ ಕ್ಯಾಬರ್ನೆ ಬೇಡ. ಮದ್ಯಾಂಶ ಕಡಿಮೆಯಿದ್ದು ತುಸು ಸಿಹಿಯಿರುವ ಜರ್ಮನಿಯ ಬಿಳಿ ವೈನ್ ರೀಸ್ಲಿಂಗ್ ತನ್ನಿ. ಗುರುತಿಸುವುದು ಸುಲಭ: ಚೀಟಿಯಲ್ಲಿ ಮದ್ಯಾಂಶ ಶೇ 8ರಿಂದ 10 ಎಂದಿದ್ದರೆ ದ್ರಾಕ್ಷಿಯ ಸಕ್ಕರೆ ಒಂದಿಷ್ಟು ಒಳಗೇ ಉಳಿದಿದೆ ಎಂದರ್ಥ. ಉದ್ದಿನವಡೆ, ಬೋಂಡಾದಂಥ ಕರಿದ ತಿಂಡಿಗೆ ಕಾವಾದ ಹುಳಿ ಮತ್ತು ನೊರೆ ಎಣ್ಣೆಯ ಜಿಡ್ಡನ್ನು ತೊಳೆಯುತ್ತವೆ. ಕಾಚಂಪುಳಿ ಹಾಕಿದ ಕೊಡಗಿನ ಪಂದಿಕರಿಗೆ ಮಾತ್ರ ಕೆಂಪು ವೈನ್ ಸೊಗಸು. ಆದರೆ ಆ ಹುಳಿಗೆ ಎದುರು ನಿಲ್ಲುವಷ್ಟು ಹುಳಿ ವೈನಿನಲ್ಲೂ ಇರಬೇಕು. ಇಟಲಿಯ ಬಾರ್ಬೆರಾ ಸಿಕ್ಕರೆ ಅದನ್ನೇ ಆರಿಸಿ. ಹುಳಿ ಹೆಚ್ಚು, ಒಗರು ಕಡಿಮೆ.

ಬಾಟಲಿ ತೆರೆದ ಮೇಲೆ

ತಿರುಗಿಸುವ ಮುಚ್ಚಳವಿದ್ದರೆ ಕಡಿಮೆ ದರ್ಜೆಯದೆಂದು ತಿಳಿಯಬೇಡಿ, ಬಿರಡೆಯಿಂದ ವೈನಿಗೆ ಹತ್ತುವ ಮುಗ್ಗಲು ವಾಸನೆಯ ದೋಷ ಅದಕ್ಕೆ ತಗಲುವುದೇ ಇಲ್ಲ. ಬಿಸಿ ಮಾಡಿದ ಅಮೆರಿಕದ ಮನೆಯೊಳಗೆ ಕೆಂಪು ವೈನ್ ಬೆಚ್ಚಗಾಗಿ ಸ್ಪಿರಿಟ್ಟಿನಂತೆ ಮೂಗಿಗೆ ಹೊಡೆಯುತ್ತದೆ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿಯದನ್ನು ಕುಡಿಯುವ ಹತ್ತು ನಿಮಿಷ ಮೊದಲೇ ಹೊರಗಿಡಿ. ಲೋಟದ ಮೂರನೆಯ ಒಂದು ಭಾಗ ಮಾತ್ರ ತುಂಬಿಸಿ, ಪರಿಮಳಕ್ಕೆ ಜಾಗ ಬೇಕು. 750 ಮಿಲಿಲೀಟರ್ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಅಳತೆಗಳಿವೆ. ಇಬ್ಬರಿಗೆ ಒಂದೊಂದು ಅಳತೆ ಸಾಕು, ಅಂದು ಕಾರು ಓಡಿಸುವವರಿಗೆ ಅದೂ ಬೇಡ. ಉಳಿದದ್ದನ್ನು, ಕೆಂಪಾಗಲಿ ಬಿಳಿಯಾಗಲಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ರುಚಿ ಕೆಡುವುದಿಲ್ಲ. ನಾಲ್ಕನೆಯ ದಿನಕ್ಕೆ ಹುಳಿ ಮುಂದಾಗುತ್ತದೆ. ಆಗ ಬಾಣಲೆಯಲ್ಲಿ ಬೆಣ್ಣೆ ಹಾಕಿ ಈರುಳ್ಳಿ, ಅಣಬೆ ಹುರಿದು, ಜಜ್ಜಿದ ಕಾಳುಮೆಣಸು ಉದುರಿಸಿ, ಆ ವೈನನ್ನು ಸುರಿದು ನೀರಿನಂಶ ಇಂಗುವವರೆಗೆ ಬಿಡಿ. ನಮ್ಮ ಮನೆಯಲ್ಲಿ ಅದು ಚಪಾತಿಗೆ ಖಾಯಂ ಪಲ್ಯವಾಗಿದೆ.