ಉಂಬಳಕ್ಕೆ ಹತ್ತು ಮೈ

ಹೋದ ಭಾನುವಾರ ಬೆಳಿಗ್ಗೆ ನಮ್ಮ ಸಾಗರ ಊರಿನ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ‘ಉಂಬ್ಳಪ್ಪ’ನ 11ನೇ ಕಂತು ಬಂತು. ಎರಡೂವರೆ ನಿಮಿಷದ ಕಂತು. ನಾನು ಮಕ್ಕಳಿಗೆ ಮಾಡೋ ಸ್ಟಾಪ್ ಮೋಷನ್ ಸರಣಿ ಅದು, ಅಂದ್ರೆ ಗೊಂಬೆಯನ್ನ ಚೂರು ಚೂರೇ ಸರಿಸಿ ಒಂದೊಂದು ಫೋಟೋ ತೆಗೆದು ಓಡಿಸೋದು. ನಾಯಕ ಒಂದು ಉಂಬಳ, ಅಂದ್ರೆ ಜಿಗಣೆ. ಪಕ್ಕದ ಮನೆಯ ಮೂರು ಮಕ್ಕಳು ನಮ್ಮ ಜಗಲಿಯಲ್ಲೇ ಕೂತು ನೋಡಿದರು. ಮುಗಿದ ತಕ್ಷಣ ‘ಮಾಮ, ಇನ್ನೊಂದ್ಸಲ ಹಾಕಿ’ ಅಂದರು. ಆ ಮಾತು ಕೇಳಿದ ಮೇಲೆ ಇದನ್ನ ಬರೆದಿಡಬೇಕು ಅನ್ನಿಸಿತು. ಮೂರು ವರ್ಷದ ಹಿಂದೆ ಇದು ಆಗೋ ಕೆಲಸವೇ ಅಲ್ಲ ಅಂದವರು ಒಬ್ಬಿಬ್ಬರಲ್ಲ.

ಬೆಂಗಳೂರಲ್ಲಿ ಅನಿಮೇಷನ್ ಕೆಲಸ ಮಾಡೋ ಗೆಳೆಯ ಹೇಳಿದ್ದ, ‘ಸಾಗರದ ಮಳೆಗಾಲದಲ್ಲಿ ಸ್ಟಾಪ್ ಮೋಷನ್ನಾ? ಕರೆಂಟೇ ಇರಲ್ಲ ಮಾರಾಯ, ಸುಮ್ನೆ ಕಂಪ್ಯೂಟರಲ್ಲಿ ಮಾಡು.’ ಚಾನೆಲ್‌ನವರು, ‘ಉಂಬಳ ಯಾರು ನೋಡ್ತಾರೆ ಸಾರ್? ಒಂದು ಮೊಲ ಮಾಡಿ, ಆನೆಮರಿ ಮಾಡಿ’ ಅಂದರು. ಚಿಕ್ಕಪ್ಪನದ್ದು ಬೇರೆ ಚಿಂತೆ. ‘ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಅಟ್ಟ ಹತ್ತಿ ಗೊಂಬೆ ಆಡ್ತಾ ಕೂತ್ರೆ ತೋಟದ ಗತಿ ಏನೋ?’

ಉಂಬಳದ ವಿಷಯದಲ್ಲಿ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಫ್ರಾನ್ಸಿನವರು 1998ರಲ್ಲಿ ‘ಓಗಿ ಅಂಡ್ ದಿ ಕಾಕ್ರೋಚಸ್’ ಶುರು ಮಾಡಿದರು. ಅದರಲ್ಲಿ ಮಕ್ಕಳು ಕಾಯೋದೇ ಆ ಮೂರು ಜಿರಳೆಗಳಿಗೆ. 1999ರಲ್ಲಿ ‘ಸ್ಪಾಂಜ್‌ಬಾಬ್’ ಬಂತು. ಮಾಡಿದ ಸ್ಟೀಫನ್ ಹಿಲೆನ್‌ಬರ್ಗ್ ಮೊದಲು ಸಮುದ್ರಜೀವಿಗಳ ಬಗ್ಗೆ ಪಾಠ ಹೇಳುತ್ತಿದ್ದವರು. ತಮಗೆ ಚೆನ್ನಾಗಿ ಗೊತ್ತಿದ್ದ ಜೀವಿಯನ್ನೇ ಎತ್ತಿಕೊಂಡರು. ನಮ್ಮ ಕಾಲಬುಡದಲ್ಲಿ ಇರೋದು ಉಂಬಳ. ಅದನ್ನ ಬಿಟ್ಟು ಮೊಲ ಯಾಕೆ ಮಾಡಲಿ?

ಬರೀ ಉಂಬಳ ಆದ್ರೆ ಸಾಲದು ಅನ್ನೋದು ಮಾತ್ರ ಗೊತ್ತಿತ್ತು. ‘ಕರೇಜ್ ದಿ ಕವರ್ಡ್ಲಿ ಡಾಗ್’ನಲ್ಲಿ ನಾಯಿಯ ಹೆಸರು ಧೈರ್ಯ, ಸ್ವಭಾವ ಪುಕ್ಕಲು. ಆ ಒಂದು ತಿರುಚಿನ ಮೇಲೆ ಇಡೀ ಸರಣಿ ನಿಂತಿದೆ. ಹಾಗೇ ನನ್ನ ಉಂಬ್ಳಪ್ಪನಿಗೆ ರಕ್ತ ಸೇರೋಲ್ಲ. ಅವನಿಗೆ ಬೇಕಾಗಿದ್ದು ಬಿಸಿ ಕಷಾಯ. ಯಾರ ಕಾಲು ಹತ್ತಿದರೂ ಅಡಿಗೆಮನೆ ತನಕ ಹೋಗೋಕೆ ಅಷ್ಟೇ. ಜನ ಸುಣ್ಣ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಜೊತೆಗೆ ಒಂದು ಕಪ್ಪೆ ಇದೆ, ಅದಕ್ಕೆ ಮಳೆ ಅಂದ್ರೆ ಆಗೋಲ್ಲ, ಯಾವಾಗಲೂ ಕೆಸುವಿನೆಲೆ ಹಿಡಿದೇ ಓಡಾಡುತ್ತೆ. ಮತ್ತೆ ಗೊರಬಜ್ಜಿ. ಗೊರಬು ಅಂದ್ರೆ ಮಳೆಗೆ ತಲೆ ಬೆನ್ನು ಮುಚ್ಚೋ ಎಲೆಯ ಹೊದಿಕೆ. ಅದರ ಕೆಳಗೆ ಎರಡು ಪಾದ ಮಾತ್ರ ಕಾಣುತ್ತೆ, ಮುಖ ಇವತ್ತಿನವರೆಗೂ ತೋರಿಸಿಲ್ಲ. ತೋರಿಸೋದೂ ಇಲ್ಲ.

ಕಥೆ ಸಿಕ್ಕಿದ್ದು ಬೇಗ. ದುಡ್ಡು ಹೋಗಿದ್ದು ಗೊಂಬೆಗೆ.

ಮೊದಲು ಮಕ್ಕಳು ಆಡೋ ಹಿಟ್ಟಿನ ಕ್ಲೇ ತಂದೆ. ಆಷಾಢದಲ್ಲಿ ನಾಲ್ಕನೇ ದಿನಕ್ಕೇ ಉಂಬ್ಳಪ್ಪನ ಬೆನ್ನ ಮೇಲೆ ಬಿಳಿ ಬೂಸ್ಟು. ಆಮೇಲೆ ಎಣ್ಣೆ ಬೆರೆಸಿದ, ಒಣಗದ ಕ್ಲೇ, ಪ್ಲಾಸ್ಟಿಸಿನ್ ತರಿಸಿದೆ, ಮೂರು ಕೆಜಿಗೆ ನಾಲ್ಕು ಸಾವಿರದ ಆಸುಪಾಸು. ಅದಕ್ಕೆ ಬೂಸ್ಟು ಬರಲಿಲ್ಲ. ಆದ್ರೆ ಏಪ್ರಿಲ್ ಸೆಕೆಗೆ, ಅಟ್ಟದ ಹೆಂಚಿನ ಕೆಳಗೆ, ಲೈಟಿನ ಮುಂದೆ ಬೆಣ್ಣೆ ಥರ ಆಯಿತು. ಪ್ರತಿ ಫ್ರೇಮಿಗೂ, ಅಂದ್ರೆ ಪ್ರತಿ ಫೋಟೋಗೂ, ಬೆರಳಚ್ಚು ಬೀಳುತ್ತಿತ್ತು, ಅದನ್ನ ಒರೆಸೋಕೆ ಹೋದರೆ ಆಕಾರ ಕೆಡುತ್ತಿತ್ತು. ದಿನಕ್ಕೆ 20-25 ಫೋಟೋ ಆದರೆ ಹೆಚ್ಚು. ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಇಡೀ ದಿನಕ್ಕೆ ಎರಡು ಸೆಕೆಂಡು! ಕುಂಬಾರರ ಜೇಡಿಮಣ್ಣನ್ನೂ ನೋಡಿದೆ, ಒಣಗುತ್ತಾ ಬಿರುಕು ಬಿಟ್ಟಿತು. ಕೊನೆಗೆ ಸ್ಪಂಜಿನಂಥ ರಬ್ಬರು, ಫೋಮ್ ಲೇಟೆಕ್ಸ್‌ನಲ್ಲಿ ಎರಕ ಹೊಯ್ದು ಕೊಡ್ತೀನಿ ಅಂದ ಒಬ್ಬರಿಗೆ 18 ಸಾವಿರ ಅಡ್ವಾನ್ಸ್ ಕೊಟ್ಟೆ. ಏಳು ತಿಂಗಳಾದ ಮೇಲೆ ಒಂದೇ ಒಂದು ಗೊಂಬೆ ಬಂತು. ಅದರ ಒಳಗಿನ ತಂತಿ ಎರಡನೇ ದಿನವೇ ಮುರಿಯಿತು. ಆ ದುಡ್ಡು ವಾಪಸ್ ಬರಲೇ ಇಲ್ಲ. ಆ ಮಳೆಗಾಲ ಇಡೀ ಅಟ್ಟ ಹತ್ತೋಕೆ ಮನಸ್ಸು ಬರಲಿಲ್ಲ.

ಇಷ್ಟಾದರೂ ನಿಜವಾದ ತಪ್ಪು ಗೊಂಬೆಯ ವಸ್ತುವಿನಲ್ಲಿ ಇರಲಿಲ್ಲ. ನಾನು ಉಂಬಳವನ್ನ ಸರಿಯಾಗಿ ನೋಡೇ ಇರಲಿಲ್ಲ.

ಜುಲೈ ಕೊನೆಯ ಒಂದು ಮಧ್ಯಾಹ್ನ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದೆ. ಹಿಮ್ಮಡಿ ಹತ್ತಿರ ಒಂದು ಕಚ್ಚಿಕೊಂಡಿತ್ತು. ಕಿತ್ತು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಬಿಟ್ಟೆ. ಮಗಳು ಮೊಬೈಲ್ ಹಿಡಿದಳು, ಸ್ಲೋ ಮೋಷನ್ ಹಾಕಿಕೊಂಡು. ಹಿಂತುದಿ ತಟ್ಟೆಗೆ ಊರಿಕೊಂಡಿತ್ತು. ಮುಂತುದಿ ತೆಳ್ಳಗಾಗುತ್ತಾ, ದಾರದ ಹಾಗೆ ಆಗುತ್ತಾ ಮೇಲೆದ್ದಿತು. ಗಾಳಿಯಲ್ಲಿ ಆ ಕಡೆ ಈ ಕಡೆ ತಡಕಾಡಿತು, ಕತ್ತಲಲ್ಲಿ ಸ್ವಿಚ್ ಹುಡುಕೋ ಕೈ ಥರ. ಆಮೇಲೆ ನಿಧಾನವಾಗಿ ಊರಿತು. ಊರಿದ ಮೇಲೆ ಮಾತ್ರ ತಡವೇ ಇಲ್ಲ. ಬೆನ್ನು ಕಮಾನಾಗಿ ಎದ್ದು ಹಿಂತುದಿ ಟಪಕ್ಕನೆ ಬಂದು ಮುಂತುದಿಯ ಪಕ್ಕದಲ್ಲೇ ಕೂತಿತು. ಮಗಳು, ‘ಅಪ್ಪಯ್ಯ, ನೀನು ಮಾಡಿದ್ದು ಹಾವಿನ ಥರ ಹೋಗುತ್ತೆ’ ಅಂದಳು. ನಿಜ. ಒಂದು ವರ್ಷ ನಾನು ಹಾವು ಮಾಡಿಕೊಂಡು ಕೂತಿದ್ದೆ.

ಆ ವಿಡಿಯೋ ಇಟ್ಟುಕೊಂಡು ಎಣಿಸಿದೆ. ನಮ್ಮ 12ರ ಲೆಕ್ಕದಲ್ಲಿ ಚಾಚೋಕೆ ಸುಮಾರು ಆರು ಫ್ರೇಮು, ತಡಕಾಡೋಕೆ ನಾಲ್ಕರಿಂದ ಎಂಟು, ಹಿಂತುದಿ ಬರೋಕೆ ಎರಡೇ ಎರಡು. ಆ ಎರಡು ಫ್ರೇಮಿನಲ್ಲಿ ಉಂಬ್ಳಪ್ಪನ ಜೀವ ಇದೆ. ಮೂರು ಮಾಡಿದರೆ ಕಂಬಳಿಹುಳ ಆಗುತ್ತಾನೆ.

ಹೀಗೆ ಮೂರು ಪಟ್ಟು ಉದ್ದ ಆಗೋ ಮೈಯನ್ನ ಒಂದೇ ಗೊಂಬೆಯಲ್ಲಿ ಎಳೆದು ಕುಗ್ಗಿಸೋದು ಯಾಕೆ, ಒಂದೊಂದು ಹಂತಕ್ಕೂ ಒಂದೊಂದು ಮೈ ಇಟ್ಟರೆ ಆಯ್ತಲ್ಲ ಅಂತ ಹೊಳೆಯಿತು. ರೀಪ್ಲೇಸ್‌ಮೆಂಟ್ ಅಂದ್ರೆ ಇದೇ, ಗೊಂಬೆಯ ಭಾಗ ತೆಗೆದು ಬೇರೆ ಹಾಕುತ್ತಾ ಹೋಗೋದು. ಜಾಸ್ತಿ ಜನ ಬಾಯಿಗೆ, ಮುಖಕ್ಕೆ ಬಳಸುತ್ತಾರೆ. ನಾನು ಇಡೀ ಮೈಗೆ ಬಳಸಿದೆ. ಅದಕ್ಕೆ ಹಗುರವಾದ, ಅಗ್ಗವಾದ, ಚಾಕುವಿಗೆ ಬಗ್ಗೋ ವಸ್ತು ಬೇಕಿತ್ತು. ನಮ್ಮ ಸಾಗರದಲ್ಲೇ ಇತ್ತು. ಬೆಂಡು, ಜೌಗಿನಲ್ಲಿ ಬೆಳೆಯೋ ಗಿಡದ ಬಿಳಿ ತಿರುಳು. ಕೆತ್ತನೆ ಕೆಲಸದ ಗುಡಿಗಾರರು ಬಾಸಿಂಗ ಮಾಡ್ತಾರಲ್ಲ, ಅದೇ. ಒಬ್ಬ ಹಿರಿಯ ಗುಡಿಗಾರರ ಹತ್ತಿರ ಹೋಗಿ ಉಂಬಳ ಕೆತ್ತಬೇಕು ಅಂದೆ. ಅವರು ನಗಲಿಲ್ಲ. ‘ಎಷ್ಟು ಉದ್ದ ಬೇಕು ಹೇಳಿ’ ಅಂದರು. ಚಾಕು ಹಿಡಿಯೋ ರೀತಿ, ಎಳೆಯ ದಿಕ್ಕು ನೋಡೋ ರೀತಿ ಎರಡು ಮಧ್ಯಾಹ್ನ ಕೂರಿಸಿಕೊಂಡು ಹೇಳಿಕೊಟ್ಟರು.

ಹತ್ತು ಮೈ ಕೆತ್ತಿದೆ. ಚಿಕ್ಕದು 3 ಸೆಂಟಿಮೀಟರ್, ದೊಡ್ಡದು ಸುಮಾರು 9. ಚಾಚೋಕೆ ಐದು, ತಡಕಾಡೋಕೆ ಎರಡು, ಊರೋಕೆ ಒಂದು, ಹಿಂತುದಿಗೆ ಎರಡು. ನೆಲಕ್ಕೂ ಪ್ಲೈವುಡ್ ಮೇಲೆ ಬೆಂಡಿನ ಹಾಳೆ ಅಂಟಿಸಿದೆ, ಸೂಜಿ ಚುಚ್ಚಿದರೆ ಗಟ್ಟಿಯಾಗಿ ನಿಲ್ಲುತ್ತೆ. ಬೆಂಗಳೂರಿನ ಗೆಳೆಯ ಇದಕ್ಕೂ ಆಕ್ಷೇಪ ಎತ್ತಿದ. ಮೈ ಬದಲಾಯಿಸಿದಾಗೆಲ್ಲ ಜಾಗ ಅಲ್ಲಾಡುತ್ತೆ, ನಡುಗುತ್ತೆ ಅಂದ. ಮೊದಲ ವಾರ ಹಾಗೇ ಆಯಿತು. ಎಲ್ಲ ಮೈಗೂ ಊರೋ ತುದಿಯಲ್ಲಿ ಒಂದೇ ಅಳತೆಗೆ ತೂತು ಹಾಕಿದೆ, ಆದ್ರೂ ಒಂದೇ ಸೂಜಿಯಾದ್ರೆ ಮೈ ತಿರುಗಿಬಿಡುತ್ತೆ. ತಿರುಗದ ಹಾಗೆ ಕೂರಿಸೋಕೆ ಒಂದು ಉಪಾಯ ಮಾಡಿದ್ದೇನೆ. ಅದು ಸಿಗೋಕೆ ಎಂಟು ತಿಂಗಳು ಬೇಕಾಯಿತು, ಅದಕ್ಕೇ ಸದ್ಯಕ್ಕೆ ಇಲ್ಲಿ ಬರೆಯೋಲ್ಲ. ಥಂಡಿಗೆ ಬೆಂಡು ಉಬ್ಬದ ಹಾಗೆ, ಉಂಬಳದ ಜಿಡ್ಡು ಹೊಳಪೂ ಬರೋ ಹಾಗೆ ಮೇಲೆ ಏನು ಹಚ್ಚುತ್ತೇನೆ ಅನ್ನೋದೂ ನನ್ನ ಹತ್ತಿರವೇ ಇರಲಿ. ಎರಡು ಮಳೆಗಾಲ ಕಳೆದಿದೆ, ಮೊದಲ ಸೆಟ್ಟಿನ ಹತ್ತು ಮೈಯಲ್ಲಿ ಒಂಬತ್ತು ಇನ್ನೂ ಕೆಲಸ ಮಾಡುತ್ತಿವೆ. ಹತ್ತನೆಯದನ್ನ ಇಲಿ ತಿಂದಿತು.

ಈಗ ದಿನಕ್ಕೆ 70 ಫೋಟೋ ಆರಾಮಾಗಿ ಬರುತ್ತೆ, ಅಂದ್ರೆ ಹತ್ತಿರ ಹತ್ತಿರ ಆರು ಸೆಕೆಂಡು. ಒಂದು ಕಂತಿಗೆ 1,800 ಫ್ರೇಮು ಬೇಕು, ಅಲ್ಲಾಡದೆ ನಿಲ್ಲೋ ಕಡೆ ಒಂದೇ ಫೋಟೋ ಹಿಡಿದಿಡೋದನ್ನ (ಹೋಲ್ಡ್) ಕಳೆದರೆ 1,500 ಫೋಟೋ. ಇಪ್ಪತ್ತೆರಡು ಇಪ್ಪತ್ತಮೂರು ದಿನದಲ್ಲಿ ಒಂದು ಕಂತು. ಒಬ್ಬನೇ ಮಾಡೋನಿಗೆ ಇದು ಒಳ್ಳೆಯ ವೇಗ, ಗೆಳೆಯನೂ ಒಪ್ಪಿದ್ದಾನೆ. ಆದ್ರೆ ನನ್ನ ಕಣ್ಣು ಇರೋದು ‘ಕ್ಲಾಂಗರ್ಸ್’ ಮಾಡಿದವರ ಮೇಲೆ. ಉಣ್ಣೆಯಲ್ಲಿ ಹೆಣೆದ ಇಲಿಯಂಥ ಪ್ರಾಣಿಗಳು, ಯಾವುದೋ ಪುಟ್ಟ ಗ್ರಹದಲ್ಲಿ ವಾಸ, 1969ರಲ್ಲಿ ಬಿಬಿಸಿಯಲ್ಲಿ ಬಂತು. ಆಲಿವರ್ ಪೋಸ್ಟ್‌ಗೇಟ್ ಮತ್ತು ಪೀಟರ್ ಫರ್ಮಿನ್ ಅದನ್ನ ಇಂಗ್ಲೆಂಡಿನ ಕೆಂಟ್‌ನಲ್ಲಿ, ಫರ್ಮಿನ್ ಮನೆಯ ಹಳೇ ದನದ ಕೊಟ್ಟಿಗೆಯಲ್ಲಿ ಮಾಡಿದ್ದು. ದಿನಕ್ಕೆ 120 ಸೆಕೆಂಡು ತೆಗೆಯುತ್ತಿದ್ದರಂತೆ! ಅದನ್ನ ಓದಿದ ವಾರವೇ ನಾನು ಅಟ್ಟದಿಂದ ಇಳಿದು ನಮ್ಮ ಕೊಟ್ಟಿಗೆಯ ಖಾಲಿ ಅರ್ಧಕ್ಕೆ ಬಂದೆ. ಮಣ್ಣಿನ ನೆಲ, ಅಟ್ಟದ ಹಲಗೆ ಥರ ಅಲ್ಲಾಡೋಲ್ಲ. ಟ್ರೈಪಾಡ್ ಕಾಲನ್ನ ನೆಲಕ್ಕೆ ಹುಗಿದು ಸುತ್ತ ಕಲ್ಲು ಇಟ್ಟಿದ್ದೇನೆ.

ಲೈಟಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ನಮ್ಮ ಕಡೆ ವೋಲ್ಟೇಜ್ ನಂಬಿ ಶೂಟ್ ಮಾಡೋಕಾಗೋಲ್ಲ. ಒಂದೇ ರಾತ್ರಿ 300ಕ್ಕೂ ಹೆಚ್ಚು ಫೋಟೋ ಫ್ಲಿಕರ್ ಆಗಿ, ಅಂದ್ರೆ ಬೆಳಕು ಒಂದೊಂದರಲ್ಲಿ ಒಂದೊಂದು ಥರ ಬಿದ್ದು, ಬಿಸಾಕಿದೆ. ಈಗ 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಎಲ್‌ಇಡಿ ಕೊಟ್ಟಿದ್ದೇನೆ, ಮಧ್ಯದಲ್ಲಿ ಇನ್ವರ್ಟರ್ ಇಲ್ಲ. ಕರೆಂಟ್ ಹೋದರೂ ನನಗೆ ಗೊತ್ತಾಗೋಲ್ಲ. ಲೆನ್ಸು ಹಳೇ ಮ್ಯಾನುಯಲ್, ಬೆಳಕು ಬಿಡೋ ಕಿಂಡಿಯನ್ನ (ಅಪರ್ಚರ್) ಕೈಯಲ್ಲೇ ತಿರುಗಿಸೋದು, ಹಾಗಾಗಿ ಅದು ತಾನಾಗಿ ಬದಲಾಗೋಲ್ಲ. ಶೂಟಿಂಗಿಗೆ ಕಪ್ಪು ಅಂಗಿ, ಅಂಗಿಯ ಬೆಳಕು ಗೊಂಬೆ ಮೇಲೆ ಬೀಳಬಾರದಲ್ಲ.

ಧ್ವನಿ ಮಾಡಿದ್ದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ‘ಪಿಂಗು’ ಅನ್ನೋ ಸ್ವಿಸ್ ಸರಣಿಯಲ್ಲಿ ಪೆಂಗ್ವಿನ್ ಆಡೋ ಮಾತು ಯಾವ ಭಾಷೆಯೂ ಅಲ್ಲ, ಆದ್ರೂ ಎಲ್ಲ ದೇಶದ ಮಕ್ಕಳಿಗೂ ತಿಳಿಯುತ್ತೆ. ಹಾಗೆ ಮಾಡೋಣ ಅಂತ ಬಾಯಿಗೆ ಬಂದದ್ದು ಕೂಗಿ ರೆಕಾರ್ಡ್ ಮಾಡಿದೆ. ಚೆನ್ನಾಗಿರಲಿಲ್ಲ, ಬರೀ ಗಲಾಟೆ. ಕ್ಲಾಂಗರ್ಸ್‌ನವರು ಬೇರೆ ದಾರಿ ಹಿಡಿದಿದ್ದರು. ಮೊದಲು ಇಂಗ್ಲಿಷಿನಲ್ಲಿ ಪೂರ್ತಿ ಸಂಭಾಷಣೆ ಬರೆದು, ಆಮೇಲೆ ಅದನ್ನ ಸೀಟಿಯಲ್ಲಿ ಊದುತ್ತಿದ್ದರು. ನಾನೂ ನಮ್ಮ ಮನೆ ಮಾತಿನಲ್ಲೇ ಸಂಭಾಷಣೆ ಬರೆದೆ. ಉಂಬ್ಳಪ್ಪನ ಮಾತನ್ನ ತೆಂಗಿನ ಗರಿಯ ಪೀಪಿಯಲ್ಲಿ ಊದಿದೆ. ‘ಸ್ವಲ್ಪ ಕಷಾಯ ಇದ್ರೆ ಕೊಡೇ ಅಜ್ಜಿ’ ಅನ್ನೋ ಸಾಲಿನ ಏರಿಳಿತ ಪೀಪಿಯಲ್ಲಿ ಹಾಗೇ ಬರುತ್ತೆ. ಮೂರನೇ ಕಂತಿನ ಹೊತ್ತಿಗೆ ಮಕ್ಕಳು ಆ ಸಾಲನ್ನ ತಾವೇ ಬಾಯಲ್ಲಿ ಹೇಳೋಕೆ ಶುರು ಮಾಡಿದರು, ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಗರಿ ಒಣಗಿದರೆ ಸ್ವರ ಬದಲಾಗುತ್ತೆ, ಹಾಗಾಗಿ ಒಂದು ಕಂತಿನ ಮಾತೆಲ್ಲ ಒಂದೇ ಬೆಳಿಗ್ಗೆ ಮುಗಿಸಬೇಕು.

ಮಧ್ಯೆ ಅಡ್ಡದಾರಿಗಳೂ ಇದ್ದವು. ಹಿನ್ನೆಲೆಗೆ ಹಸೆ ಚಿತ್ತಾರ, ಅಂದ್ರೆ ನಮ್ಮ ಕಡೆ ದೀವರು ಗೋಡೆ ಮೇಲೆ ಬರೆಯೋ ಚಿತ್ರ, ಬರೆಸೋಣ ಅಂತ ದೀವರ ಮನೆಯ ಒಬ್ಬ ಅಜ್ಜಿಯನ್ನ ಕೇಳಿದೆ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಎಂಥ ಗೆರೆ ಎಳೆದರು ಅಂದ್ರೆ ನಾನು ಕ್ಯಾಮೆರಾ ಮರೆತು ನೋಡುತ್ತಾ ಕೂತೆ. ಆದ್ರೆ ಟಿವಿಯಲ್ಲಿ ಆ ಸಣ್ಣ ಒತ್ತೊತ್ತು ಗೆರೆಗಳು ಮಿಣಮಿಣ ಅಂದು ಕಣ್ಣು ನೋಯಿಸಿದವು. ಮತ್ತೆ ಹೋಗಿ ಗೆರೆ ದಪ್ಪ, ನಡುವೆ ಜಾಗ ಜಾಸ್ತಿ ಬೇಕು ಅಂದೆ. ‘ಹಂಗೆ ಬರೆದ್ರೆ ಹಸೆ ಅನ್ನಲ್ಲ ತಮ್ಮಾ’ ಅಂದರು. ಅವರ ಮಾತು ಸರಿ. ಅದನ್ನ ಅಲ್ಲಿಗೇ ಬಿಟ್ಟೆ. ಆ ಹಲಗೆ ಈಗ ನಮ್ಮ ಜಗಲಿಯಲ್ಲಿದೆ. ಹಲಸಿನ ಬೀಜಕ್ಕೆ ಕಣ್ಣು ಅಂಟಿಸಿ ಒಂದು ಸಂಸಾರವನ್ನೇ ಮಾಡಿದ್ದೆ, ಎರಡು ವಾರಕ್ಕೆ ಸುಕ್ಕು ಹಿಡಿಯಿತು. ಹಾಗಂತ ಅದನ್ನ ಬಿಸಾಕಲಿಲ್ಲ, ಆರನೇ ಕಂತಿನಲ್ಲಿ ಅವರೇ ಮುದುಕರು.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ 24 ಸಾವಿರ, ಬ್ಯಾಟರಿ ಲೈಟು ಎಲ್ಲ ಸೇರಿ 13 ಸಾವಿರ, ಕೆಟ್ಟುಹೋದ ಕ್ಲೇ ಹತ್ತು ಸಾವಿರ, ಆ ಲೇಟೆಕ್ಸಿನ 18 ಸಾವಿರ. ಬೆಂಡಿಗೆ ಇವತ್ತಿನ ತನಕ ಮೂರೂವರೆ ಸಾವಿರ ದಾಟಿಲ್ಲ. ಈಗ ಒಂದು ಕಂತಿಗೆ ಕೈಯಿಂದ ಹೋಗೋದು ಎರಡು ಸಾವಿರದ ಹತ್ತಿರ. ಚಾನೆಲ್‌ನವರು ಕಂತಿಗೆ 1,500 ಕೊಡುತ್ತಾರೆ, ಒಂದು ಅಡಿಕೆ ಮಂಡಿಯವರು ಜಾಹೀರಾತಿಗೆ 3,000. ಹಾಕಿದ ದುಡ್ಡು ಪೂರ್ತಿ ವಾಪಸ್ ಬರೋಕೆ ಇನ್ನೂ ಹದಿನೈದರಿಂದ ಹದಿನೇಳು ಕಂತು ಬೇಕು. ಮೊಲ ಮಾಡಿ ಅಂದಿದ್ದ ಅದೇ ಚಾನೆಲ್‌ನವರು ಈಗ ಗಣೇಶ ಹಬ್ಬದೊಳಗೆ 13 ಕಂತು ಪೂರ್ತಿ ಮಾಡಿಕೊಡಿ ಅಂತ ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ.

ಇನ್ನೆರಡು ಬಾಕಿ. ಹನ್ನೆರಡನೆಯದರಲ್ಲಿ ಉಂಬ್ಳಪ್ಪನಿಗೆ ಕೊನೆಗೂ ಕಷಾಯ ಸಿಗುತ್ತೆ, ಹಾಗಾಗಿ ಲೋಟದಿಂದ ಹಬೆ ಏಳಬೇಕು. ಅಂಗಡಿ ಹತ್ತಿ ಎಳೆದು ನೋಡಿದೆ, ಹತ್ತಿಯ ಹಾಗೇ ಕಾಣುತ್ತೆ. ಹಿತ್ತಲ ಬೂರುಗದ ಹತ್ತಿ ಇನ್ನೂ ತೆಳು, ಬೆಳಕು ಒಳಗೆ ಹಾಯುತ್ತೆ. ನಿನ್ನೆ ರಾತ್ರಿ ಅದರಲ್ಲಿ 40 ಫೋಟೋ ತೆಗೆದಿದ್ದೇನೆ. ಮಗಳು ಶಾಲೆಯಿಂದ ಬಂದ ಮೇಲೆ ಇಬ್ಬರೂ ಸೇರಿ ಪ್ಲೇ ಮಾಡಿ ನೋಡಬೇಕು.